ಆಮೆಗೆ ಬಾಲ ಬರೆದದ್ದು

ಜಪಾನಿನ ಇಜುಮೊಗೆ ಬಂದ ಎರಡನೇ ವರ್ಷ, ಪಕ್ಕದ ಮನೆಯ ಅಜ್ಜಿ ತಮ್ಮ ಮದುವೆಯ ಫುರೋಶಿಕಿ ಬಿಚ್ಚಿ ತೋರಿಸಿದರು. ಸಾಮಾನು ಗಂಟು ಕಟ್ಟುವ ಚೌಕ ಬಟ್ಟೆ. ದಟ್ಟ ನೀಲಿಯ ಮೇಲೆ ಬಿಳಿ ಗೆರೆಯ ಸಾರಸ, ಆಮೆ, ನಡುವೆ ತವರುಮನೆಯ ಲಾಂಛನ. ಅಚ್ಚು ಹೊಡೆದದ್ದಲ್ಲ, ತ್ಸುತ್ಸುಗಾಕಿ. ಅಕ್ಕಿಹಿಟ್ಟಿನ ಅಂಟಿನಲ್ಲಿ ಕೈಯಾರೆ ಬರೆದದ್ದು ಎಂದರು. ನನ್ನ ಕಿವಿ ನಿಮಿರಿತು. ನಾನು ಸಾಗರದ ಕಡೆಯವಳು, ಮದುವೆ ಬಂತೆಂದರೆ ಕೆಮ್ಮಣ್ಣಿನ ಗೋಡೆಗೆ ಅಕ್ಕಿಯ ಬಿಳುಪಿನಲ್ಲಿ ಹಸೆ ಚಿತ್ತಾರ ಬರೆಯುವುದನ್ನು ನೋಡಿ ಬೆಳೆದವಳು. ಅಲ್ಲಿ ಅಕ್ಕಿ ಗೋಡೆಯ ಮೇಲೇ ಉಳಿಯುತ್ತದೆ. ಇಲ್ಲಿ ಬಣ್ಣವನ್ನು ತಡೆದು ತಾನು ತೊಳೆದುಹೋಗುತ್ತದೆ; ಉಳಿಯುವುದು ಬಟ್ಟೆಯದೇ ಬಿಳಿ.

ಗೆಳತಿಯ ಮದುವೆಗೆ ಒಂದು ಮಾಡಿಕೊಡಲು ಕೂತೆ. ಅಂಟಕ್ಕಿ ಹಿಟ್ಟು, ತೌಡು ಕಲಸಿ ಬೇಯಿಸಿ, ಸುಣ್ಣ ಸೇರಿಸಿ ನಾದಿದೆ. ಪರ್ಸಿಮನ್ ಕಾಯಿಯ ರಸ ಬಳಿದು ಗಡುಸು ಮಾಡಿದ ಕಾಗದದ ಕೊಳವೆಗೆ ತುಂಬಿ, ಮೆಹಂದಿ ಕೋನ್‌ನಂತೆ ಹಿಂಡಬೇಕು. ಮೆಹಂದಿ ತಪ್ಪಿದರೆ ಹತ್ತು ದಿನಕ್ಕೆ ಮಾಸೀತು, ಇದು ಮಾಸುವುದಿಲ್ಲ.

ಸಾರಸಕ್ಕೆ 1000 ವರ್ಷ, ಆಮೆಗೆ 10,000 ವರ್ಷ ಆಯುಸ್ಸು ಅನ್ನುವುದು ಇಲ್ಲಿನ ಮಾತು. ನನ್ನನ್ನು ಹತ್ತು ಪಟ್ಟು ಕಾಡಿದ್ದೂ ಆಮೆಯೇ. ಮದುವೆ ಬಟ್ಟೆಗೆ ಮಿನೊಗಾಮೆ ಬೇಕು: ಬದುಕಿ ಬದುಕಿ ಚಿಪ್ಪಿಗೆ ಪಾಚಿ ಕಟ್ಟಿ, ಅದು ಬಾಲದಂತೆ ಹಿಂದೆ ತೇಲುವ ಆಮೆ. ಬಾಲ ಬಿಟ್ಟರೆ ಬರೀ ಕೆರೆ ಆಮೆ. ಪಾಚಿಯ ಒಂದೊಂದು ಎಳೆಯನ್ನೂ ಒಂದೇ ಉಸಿರಿಗೆ ಎಳೆಯಬೇಕು, ಕೈ ತಡೆದಲ್ಲಿ ಅಂಟು ಗುಡ್ಡೆಯಾಗುತ್ತದೆ.

ಮೊದಲ ಬಟ್ಟೆ ಕೆಟ್ಟಿತು. ಆತುರಕ್ಕೆ ಬಿಸಿಲಿಗೆ ಹಾಕಿದೆ. ಅಂಟು ಬಿರಿದು, ನೀಲಿ ನುಗ್ಗಿ, ಚಿಪ್ಪಿನ ತುಂಬ ಸೀಳುಗೆರೆ. ಬೇರೆ ಬಟ್ಟೆಯಾಗಿದ್ದರೆ ಅದನ್ನೇ ಚೆಂದವೆಂದು ಸಾಧಿಸುತ್ತಿದ್ದೆನೋ ಏನೋ. ಆದರೆ ಇವರು ಮದುವೆಯ ಮಾತಿನಲ್ಲಿ 'ಕತ್ತರಿಸು', 'ಅಗಲು' ಎಂಬ ಪದವನ್ನೂ ನುಂಗಿಕೊಳ್ಳುವ ಜನ.

ಎರಡನೆಯದಕ್ಕೆ ಹಸಿ ಅಂಟಿನ ಮೇಲೆ ತೌಡು ಉದುರಿಸಿ ನೆರಳಲ್ಲಿ ಒಣಗಿಸಿದೆ. ಮೂಲೆಗಳಿಗೆ ಪೈನ್, ಬಿದಿರು, ಉಮೆ ಎಂಬ ಪ್ಲಮ್ ಜಾತಿಯ ಹೂ. ಚಳಿಗೆ ಜಗ್ಗದ ಮೂರು. ಆಮೇಲೆ ಸೋಯಾ ಹಾಲು ಬಳಿದು, ನೀಲಿ ತೊಟ್ಟಿಯಲ್ಲಿ 12 ಸಲ ಅದ್ದಿದೆ. ಹಸಿರಾಗಿ ಮೇಲೆದ್ದ ಬಟ್ಟೆ ಗಾಳಿ ಸೋಕಿ ನೀಲಿಗೆ ತಿರುಗುವುದನ್ನು ನೋಡಲಿಕ್ಕೇ ಇನ್ನೆರಡು ಸಲ ಅದ್ದಿದೆ ಅನ್ನಬಹುದು.

ಕಸುಬಿನವರು ಇದನ್ನು ತಕಾಸೆ ಹೊಳೆಯ ಹರಿವಿಗೆ ಬಿಟ್ಟು ತೊಳೆಯುತ್ತಾರೆ. ನಾನು ಬಚ್ಚಲಲ್ಲೇ ನೆನೆಹಾಕಿ ಅಂಟು ಕೆರೆದೆ. ಅಜ್ಜಿ ಬಾಗಿಲಲ್ಲೇ ನಿಂತು ಕೇಳಿದ್ದು ಒಂದೇ: "ಸಾರಸ, ಆಮೆ ಒಂದನ್ನೊಂದು ನೋಡ್ತಿವೆಯಾ?"

ಬಟ್ಟೆಯ ಎರಡು ತುದಿ ಹಿಡಿದು ಎತ್ತಿ ತೋರಿಸಿದೆ.