ಕ್ಯಾಂಪು, ಜೌಗು, ಹರಿಕೇನ್: ದಕ್ಷಿಣ ಲೂಯಿಸಿಯಾನಾಕ್ಕೆ ಬಂದ ಹೊಸಬರಿಗೆ

ನಾನು ಇಲ್ಲಿಗೆ ಬಂದ ಹೊಸತರಲ್ಲಿ ಆಫೀಸಿನವರೊಬ್ಬರು ‘ಶನಿವಾರ ಕ್ಯಾಂಪಿಗೆ ಬಾ’ ಅಂದರು. ನಾನು ಪೆದ್ದನ ಹಾಗೆ ಟೆಂಟ್ ಕೊಂಡು ಹೋದೆ. ನೋಡಿದರೆ ಎದುರಿಗೆ ಮನೆ! ಎರಡಾಳೆತ್ತರದ ಮರದ ಕಂಬಗಳ ಮೇಲೆ ನಿಂತಿದೆ. ಒಲೆ, ಎ.ಸಿ., ಮಂಚ ಎಲ್ಲ ಇದೆ. ಕೆಳಗೆ ದೋಣಿ ಕಟ್ಟುವ ಜಾಗ, ಮೀನು ಕೊಯ್ಯುವ ಮೇಜು. ಕೊಕೊಡ್ರಿ, ಲೀವಿಲ್, ಗ್ರ್ಯಾಂಡ್ ಐಲ್ ಅನ್ನೋ ಕರಾವಳಿ ಊರುಗಳ ಕಡೆ ಕ್ಯಾಂಪ್ ಅಂದರೆ ಇದೇ. ನಿಮ್ಮನ್ನೂ ಯಾರಾದರೂ ಕರೆಯುತ್ತಾರೆ. ಮೀನಿನ ರುಚಿ ಹತ್ತಿದರೆ ಗೆಳೆಯರ ಜೊತೆ ಪಾಲು ಹಾಕಿ ಒಂದು ಕೊಳ್ಳುವ ಆಸೆಯೂ ಆಗುತ್ತದೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನಾನು ಕುಮಟಾ ಕಡೆಯವನು. ಅಘನಾಶಿನಿ ಅಳಿವೆ, ಗಜನಿ ಗದ್ದೆ ನೋಡಿ ಬೆಳೆದವನಿಗೆ ಜೌಗಿನ ಬಗ್ಗೆ ಇನ್ನೇನು ಕಲಿಯಲಿಕ್ಕಿದೆ ಅನ್ನೋ ಜಂಬ ಇತ್ತು. ನಮ್ಮಲ್ಲಿ ನೀರು ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆ. ಇಲ್ಲಿ ಸಾಮಾನ್ಯವಾಗಿ ಒಂದೇ ಸಲ, ಅದೂ ಒಂದಡಿ ಆಸುಪಾಸು. ನೀರನ್ನು ಜಾಸ್ತಿ ಆಡಿಸುವುದು ಗಾಳಿ. ಆಗ್ನೇಯದ ಗಾಳಿ ಎರಡು ದಿನ ಬೀಸಿದರೆ ಜೌಗು ತುಂಬಿಕೊಳ್ಳುತ್ತದೆ. ಬಡಗು ಗಾಳಿ ಬೀಸಿದರೆ ದೋಣಿ ಕೆಸರಲ್ಲಿ ಕೂರುತ್ತದೆ. ಹರಿಕೇನ್, ಅಂದರೆ ಇಲ್ಲಿನ ಚಂಡಮಾರುತ, ಬಂದಾಗ ಇದೇ ಆಟ ಹುಚ್ಚು ಹಿಡಿದ ಹಾಗೆ ನಡೆಯುತ್ತದೆ, ಅಷ್ಟೆ.

ಟಿವಿಯವರು ‘ಕೆಟಗರಿ’ ಸಂಖ್ಯೆ ಹೇಳುತ್ತಾ ಇರುತ್ತಾರೆ. ಅದು ಗಾಳಿಯ ವೇಗದ ಲೆಕ್ಕ ಮಾತ್ರ, ನೀರಿನದ್ದಲ್ಲ. 2021ರ ಆಗಸ್ಟ್ 29ರಂದು ಐಡಾ ಅನ್ನೋ ಹರಿಕೇನ್ ಪೋರ್ಟ್ ಫೋರ್ಶಾನ್ ಹತ್ತಿರ ದಡ ಮುಟ್ಟಿದಾಗ ಕೆಟಗರಿ 4, ಗಂಟೆಗೆ 240 ಕಿ.ಮೀ. ಗಾಳಿ. 2024ರ ಸೆಪ್ಟೆಂಬರ್ 11ರ ಫ್ರಾನ್ಸೀನ್ ಕೆಟಗರಿ 2. ಸಂಖ್ಯೆ ಸಣ್ಣದು ಅಂತ ಕ್ಯಾಂಪಿನಲ್ಲೇ ಉಳಿಯಬೇಡಿ. ನೀರು ಚಂಡಮಾರುತಕ್ಕಿಂತ ಮುಂಚೆ ಬರುತ್ತದೆ. ಬಿಸಿಲು ಇರುವಾಗಲೇ ಗೋಲ್ಡನ್ ಮೆಡೊ ಊರು ದಾಟಿ ಸಮುದ್ರದ ಕಡೆ ಹೋಗುವ ತಗ್ಗು ರಸ್ತೆಗೆ ನೀರು ಹತ್ತಬಹುದು. ಇನ್ನೊಂದು, ಪ್ರವಾಹ ತಡೆಯಲು ಕಟ್ಟಿದ ಒಡ್ಡಿನ (ಲೆವೀ) ಗೇಟುಗಳನ್ನು ಮೊದಲೇ ಮುಚ್ಚುತ್ತಾರೆ. ಮುಚ್ಚಿದ ಮೇಲೆ ನಿಮ್ಮ ದೋಣಿ ಹೊರಗಿದ್ದರೆ ಹೊರಗೇ. ಸಿಗಡಿ ಬೋಟಿನವರು ಒಳಗೆ ಬರಲು ಶುರು ಮಾಡಿದರೆಂದರೆ ನೀವೂ ಹೊರಡಿ. ಅವರಷ್ಟು ಚೆನ್ನಾಗಿ ಟಿವಿಗೂ ಗೊತ್ತಿರುವುದಿಲ್ಲ.

ನಮ್ಮ ಕರಾವಳಿಯಲ್ಲಿ ಜೂನ್ 1ಕ್ಕೆ ಯಾಂತ್ರಿಕ ಬೋಟುಗಳು ದಡ ಸೇರುತ್ತವೆ. ಇಲ್ಲಿ ಅದೇ ದಿನ ಹರಿಕೇನ್ ಕಾಲ ಶುರು, ನವೆಂಬರ್ 30ರವರೆಗೆ. ಆದರೆ ಮೀನು ಹಿಡಿಯುವುದು ನಿಲ್ಲುವುದಿಲ್ಲ. ಯಾವಾಗ ನಿಲ್ಲಿಸಬೇಕು ಅಂತ ನೀವೇ ತೀರ್ಮಾನಿಸಬೇಕು.

ಹೊರಡುವ ಮುಂಚೆ ಏನು ಮಾಡಬೇಕು? ದೋಣಿಯನ್ನು ಟ್ರೇಲರ್‌ಗೆ ಹಾಕಿ ಒಡ್ಡಿನ ಒಳಗೆ ತನ್ನಿ. ಗ್ಯಾಸ್ ಸಿಲಿಂಡರ್, ಕುರ್ಚಿ, ಐಸ್ ಪೆಟ್ಟಿಗೆ ಕೆಳಗೆ ಬಿಡಬೇಡಿ, ತೇಲಿ ಹೋಗಿ ಪಕ್ಕದವರ ಕಂಬಕ್ಕೆ ಗುದ್ದುತ್ತವೆ. ಎಲ್ಲದರ ಫೋಟೊ ತೆಗೆಯಿರಿ. ಫ್ರೀಜರ್ ಖಾಲಿ ಮಾಡಲೇಬೇಕು. ಐಡಾ ಆದ ಮೇಲೆ ನಮ್ಮ ಕಡೆ ವಾರಗಟ್ಟಲೆ ಕರೆಂಟ್ ಇರಲಿಲ್ಲ. ನಾವು ಹದಿನೈದು ಕೆ.ಜಿ. ಮೀನು, ಸಿಗಡಿ ಒಳಗೇ ಬಿಟ್ಟು ಬಂದಿದ್ದೆವು. ಬಾಗಿಲು ತೆರೆದ ನನ್ನ ಹೆಂಡತಿ ಆಮೇಲೆ ಎರಡು ತಿಂಗಳು ಮೀನು ಮುಟ್ಟಲಿಲ್ಲ. ಅಂಥ ಫ್ರೀಜರ್ ತೆರೆಯಬೇಡಿ. ಸುತ್ತ ಟೇಪ್ ಸುತ್ತಿ ಹಾಗೇ ಎಸೆಯಿರಿ.

ವಿಮೆಯ ಮಾತು ಬೇಜಾರಿನದು, ಆದರೂ ಹೇಳಬೇಕು. ಸಾಮಾನ್ಯ ಮನೆ ವಿಮೆಯಲ್ಲಿ ಪ್ರವಾಹ ಸೇರುವುದಿಲ್ಲ. ಸರ್ಕಾರಿ ಪ್ರವಾಹ ವಿಮೆ ಸಾಮಾನ್ಯವಾಗಿ 30 ದಿನ ಆದ ಮೇಲೆ ಜಾರಿಗೆ ಬರುತ್ತದೆ, ಅಂದರೆ ಸಮುದ್ರದಲ್ಲಿ ಸುಳಿ ಕಂಡಾಗ ಫೋನ್ ಮಾಡಿದರೆ ಪ್ರಯೋಜನ ಇಲ್ಲ. 1982ರ ಸೆಪ್ಟೆಂಬರ್ 30ರ ನಂತರ ಪೂರ್ತಿ ನೀರಿನ ಮೇಲೆ ಕಟ್ಟಿದ ಕ್ಯಾಂಪಿಗೆ ಆ ವಿಮೆ ಸಿಗುವುದೇ ಇಲ್ಲ. ನಮಗೆ ಕ್ಯಾಂಪ್ ಮಾರಿದವರು ಇದನ್ನು ಬಾಯಿಬಿಡಲಿಲ್ಲ. ನೀವು ಕೊಳ್ಳುವ ಮುಂಚೆ ಕೇಳಿ.

ಇನ್ನು ಮೀನು. ಚಂಡಮಾರುತ ಜೌಗನ್ನೇ ಕಿತ್ತು ಹಾಕುತ್ತದೆ. ಇಲ್ಲಿ ಕೆಲವು ಕಡೆ ಹುಲ್ಲು ನೀರಿನ ಮೇಲೆ ತೇಲುವ ದಪ್ಪ ಚಾಪೆ. ಅಲೆ ಅದನ್ನು ಹರಿದು, ಸುತ್ತಿ, ಕಾಲುವೆಗೆ ತುರುಕುತ್ತದೆ. 2005ರಲ್ಲಿ ಕತ್ರೀನಾ, ರೀಟಾ ಎರಡೂ ಸೇರಿ ಇಲ್ಲಿನ ಕರಾವಳಿಯ ಸುಮಾರು 560 ಚದರ ಕಿ.ಮೀ. ನೆಲವನ್ನು ನೀರು ಮಾಡಿದವು. ಕಿತ್ತ ಹುಲ್ಲು, ಎಲೆ ಕೊಳೆಯುವಾಗ ನೀರಿನ ಆಮ್ಲಜನಕ ಮುಗಿಯುತ್ತದೆ. ನೀರು ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿ ಮೊಟ್ಟೆ ಕೊಳೆತ ವಾಸನೆ ಬರುತ್ತದೆ. 1992ರ ಆಂಡ್ರ್ಯೂ ಆದ ಮೇಲೆ ಅಚಾಫಲಾಯಾ ನದಿ ಬಯಲಲ್ಲಿ ಕೋಟಿಗಟ್ಟಲೆ ಸಿಹಿನೀರಿನ ಮೀನು ಸತ್ತದ್ದು ಹೀಗೇ. ಏಡಿಗಳು ಕಂಬ ಹತ್ತಿ ನೀರಿನ ಮೇಲೆ ಬಂದು ಕೂತಿದ್ದರೆ ಗಾಳ ಹಾಕುವುದು ದಂಡ.

ಉಪ್ಪುನೀರಿನ ಮೀನಿಗೆ ಓಡುವ ದಾರಿ ಇದೆ. ರೆಡ್‌ಫಿಶ್ ಕೆಲವೇ ವಾರಗಳಲ್ಲಿ ಮರಳಿದ್ದನ್ನು ನಾನೇ ನೋಡಿದ್ದೇನೆ. ಒಡೆದ ಹುಲ್ಲಿನ ಅಂಚಿನಲ್ಲಿ ಸಿಗಡಿ, ಏಡಿಮರಿ ಜಾಸ್ತಿ, ಅದರ ಹಿಂದೆ ರೆಡ್‌ಫಿಶ್. ಹಾಗಾಗಿ ಹಾಳಾದ ಜಾಗದಲ್ಲೇ ಸ್ವಲ್ಪ ಕಾಲ ಭರ್ಜರಿ ಮೀನು. ಜೌಗು ಚೆನ್ನಾಗಿದೆ ಅಂದುಕೊಳ್ಳಬೇಡಿ. ಆ ಅಂಚೂ ಕರಗಿಹೋದ ಮೇಲೆ ಉಳಿಯುವುದು ಬರೀ ನೀರು.

ಮೊದಲ ಸಲ ವಾಪಸ್ ಹೋಗುವಾಗ ಫೋನಿನ ಹಳೇ ನಕ್ಷೆ ನಂಬಬೇಡಿ. ನಾನು ನಂಬಿ, ಯಾರದೋ ಕ್ಯಾಂಪಿನ ಮುರಿದ ಕಂಬಕ್ಕೆ ಗುದ್ದಿ ಪ್ರೊಪೆಲ್ಲರ್ ಕಳೆದುಕೊಂಡೆ. ಹಗಲಲ್ಲಿ ಹೋಗಿ, ನಿಧಾನಕ್ಕೆ. ಕಾಲಿಗೆ ಗಾಯ ಇದ್ದರೆ ನೀರಿಗೆ ಇಳಿಯಲೇಬೇಡಿ. ಬೆಚ್ಚನೆಯ, ಅರೆ ಉಪ್ಪಿನ ನೀರಿನಲ್ಲಿ ವಿಬ್ರಿಯೊ ಅನ್ನೋ ಬ್ಯಾಕ್ಟೀರಿಯಾ ಇರುತ್ತದೆ, ಪ್ರಾಣಕ್ಕೇ ಕುತ್ತು ತರಬಹುದು. ನೀರಿನ ಮೇಲೆ ಕಂದು ಬಣ್ಣದ ನೊರೆಯ ಹಾಗೆ ಏನೋ ತೇಲಿ ಬಂದರೆ ಕೈ ಹಾಕಬೇಡಿ. ಅದು ನೊರೆ ಅಲ್ಲ, ಬೆಂಕಿ ಇರುವೆಗಳ ಗುಂಪು. ಜನರೇಟರ್ ಕ್ಯಾಂಪಿನ ಒಳಗೆ ಹಚ್ಚಬೇಡಿ, ಹೊಗೆಯ ವಿಷ ಮೂಗಿಗೆ ಗೊತ್ತೇ ಆಗುವುದಿಲ್ಲ.

ರೆಡ್‌ಫಿಶ್ ಸಿಕ್ಕಿದರೆ ಅಳತೆಪಟ್ಟಿ ಹಿಡಿಯಿರಿ. 2024ರ ಜೂನ್‌ನಿಂದ ದಿನಕ್ಕೆ ಒಬ್ಬರಿಗೆ 4, ಉದ್ದ 18ರಿಂದ 27 ಇಂಚಿನ ಒಳಗೆ. ಅದಕ್ಕಿಂತ ದೊಡ್ಡದನ್ನು ಫೋಟೊ ತೆಗೆದು ಬಿಟ್ಟುಬಿಡಿ. ದೊಡ್ಡದರ ಮಾಂಸ ಒರಟು, ಸಾರಿಗೆ ಹೇಗೂ ಸಣ್ಣದೇ ರುಚಿ.