ಮದ್ದಿಲ್ಲದೆ ಹಾರಿದ ಅಂತರಿಕ್ಷ ನೌಕೆ: ನನ್ನ ಅನುಭವ

ಚಿತ್ರದುರ್ಗದಲ್ಲಿ ಇಪ್ಪತ್ತು ವರ್ಷಗಳಿಂದ ಮೋಟಾರ್ ವೈಂಡಿಂಗ್ ಅಂಗಡಿ ನಡೆಸುತ್ತಿರುವವನಿಗೆ ಒಂದು ರಾಕೆಟ್ ಮೋಟಾರ್ ಸಿಗಲಿಲ್ಲ ಎಂಬುದು ನನ್ನ ಸ್ನೇಹಿತರ ವಲಯದಲ್ಲಿ ಒಂದು ವರ್ಷ ಓಡಿದ ನಗೆಮಾತು. ಅಮೆರಿಕದಲ್ಲಿರುವ ತಂಗಿಯ ಗಂಡ ರಜೆಗೆ ಬಂದಾಗ ಒಂದು ಅಂತರಿಕ್ಷ ನೌಕೆಯ ಹಾರುವ ಮಾದರಿಯ ಕಿಟ್ ತಂದುಕೊಟ್ಟರು. ಸುಮಾರು ಎರಡಡಿ ಉದ್ದ, 42 ಮಿ.ಮೀ. ಅಡ್ಡಳತೆಯ ಕಾಗದದ ಕೊಳವೆ, ಚಾಲಕನ ಕೋಣೆಯಂತೆ ಉಬ್ಬಿದ ಪ್ಲಾಸ್ಟಿಕ್ ಮೂತಿ, ಹಿಂದೆ ಬಾಲ್ಸಾ ಎಂಬ ಹಗುರ ಮರದ ನಾಲ್ಕು ರೆಕ್ಕೆ, ಮುಂದೆ ಎರಡು ಪುಟ್ಟ ರೆಕ್ಕೆ, ಅಕ್ಕಪಕ್ಕ ಎರಡು ಪಾಡ್, ಎಂದರೆ ಪುಟ್ಟ ಕೋಶಗಳು. ಅದಕ್ಕೆ ಬೇಕಾಗಿದ್ದ ಸಿ6-5 ಮೋಟಾರ್, ಎಂದರೆ ನೌಕೆಯನ್ನು ಮೇಲಕ್ಕೆ ತಳ್ಳುವ ಸಿಡಿಮದ್ದಿನ ಪುಟ್ಟ ಕೊಳವೆ, ಮಾತ್ರ ಬರಲಿಲ್ಲ. ಮದ್ದು ತುಂಬಿದ ಸರಕನ್ನು ವಿಮಾನದ ಲಗೇಜಿನಲ್ಲಿ ಬಿಡುವುದಿಲ್ಲ. ದೀಪಾವಳಿಯ ರಾಕೆಟ್ ಒಡೆದು ಮದ್ದು ತೆಗೆಯೋಣ ಎಂದವರೂ ಇದ್ದರು. 1884ರ ಸ್ಫೋಟಕ ಕಾಯ್ದೆಯ ಮಾತು ಹಾಗಿರಲಿ, ನನ್ನ ಹೊಟ್ಟೆಪಾಡು ನಡೆಯುವುದೇ ಈ ಹತ್ತು ಬೆರಳುಗಳಿಂದ. ಆದ್ದರಿಂದ ನೌಕೆಯನ್ನು ನೀರು ಮತ್ತು ಗಾಳಿಯಿಂದಲೇ ಹಾರಿಸಬೇಕೆಂದು ನಿಶ್ಚಯಿಸಿದೆ.

ಬಾಟಲಿ ರಾಕೆಟ್ ಹಾರಿಸಿದವರಿಗೆ ಮೂಲ ವಿಷಯ ಗೊತ್ತು: ಬಾಟಲಿಯಲ್ಲಿ ಸ್ವಲ್ಪ ನೀರಿಟ್ಟು ಗಾಳಿ ಒತ್ತಿದರೆ, ಬಾಯಿಂದ ರಭಸವಾಗಿ ಹೊರಬೀಳುವ ನೀರು ಅದನ್ನು ಮೇಲಕ್ಕೆ ತಳ್ಳುತ್ತದೆ. ಮದುವೆ ಮಂಟಪದ ಹಿಂದೆ ಬಿದ್ದಿದ್ದ 2 ಲೀಟರಿನ ತಂಪು ಪಾನೀಯದ ಬಾಟಲಿಯನ್ನು ನೌಕೆಯ ಹಿಂಭಾಗವಾಗಿಸಿ, ಕಿಟ್ಟಿನ ಕೊಳವೆಯನ್ನು ಅದರ ಬುಡದ ಮೇಲೆ ಕೂರಿಸಿ, ಪಾಡ್‌ಗಳನ್ನು ಬಾಟಲಿಯ ಪಕ್ಕಕ್ಕೆ ಅಂಟಿಸಿದೆ. ದಪ್ಪ ಎಂಜಿನ್ನು, ಸಪೂರ ಕತ್ತು. ನಿಜ ಹೇಳಬೇಕೆಂದರೆ ಪೆಟ್ಟಿಗೆಯ ಮೇಲಿನ ಚಿತ್ರಕ್ಕಿಂತ ನನ್ನದೇ ಗಾಂಭೀರ್ಯದಿಂದ ಕಾಣುತ್ತಿತ್ತು. ಕಿಟ್ಟಿನ ರೆಕ್ಕೆಗಳು ಈ ಗಾತ್ರಕ್ಕೆ ಸಾಲದೆ, ಫ್ಲೆಕ್ಸ್ ಅಂಗಡಿಯಲ್ಲಿ ಉಳಿದ 5 ಮಿ.ಮೀ. ಸನ್‌ಬೋರ್ಡಿನ (ಹಗುರ ಫೋಮ್ ಹಲಗೆ) ತುಂಡುಗಳಿಂದ ಅದೇ ಆಕಾರವನ್ನು ದೊಡ್ಡದಾಗಿ ಕತ್ತರಿಸಿದೆ. ಸಪೂರ ಕೊಳವೆ ದಪ್ಪ ಬಾಟಲಿಯ ಮೇಲೆ ಅಲುಗಾಡದೆ ನಿಲ್ಲುವಂತೆ ಮಾಡಿದ ಬಗೆಯನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಮೂರು ವಾರ ಹಿಡಿದಿದೆ, ಬೇಕಾದವರು ಅಂಗಡಿಗೇ ಬಂದು ನೋಡಲಿ.

ಮೊದಲ ಉಡಾವಣೆಗೆ ಎಲ್ಲರೂ ಮಾಡುವಂತೆ ಅರ್ಧ ಇಂಚಿನ ಪಿವಿಸಿ ಪೈಪನ್ನು ಬಾಟಲಿಯ ಬಾಯಿಗೆ ತೂರಿಸಿ, ಕೇಬಲ್ ಟೈಗಳಿಂದ ಕತ್ತು ಹಿಡಿದು, 60 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಗಾಳಿಯ ಒತ್ತಡ ತುಂಬಿ ಹಗ್ಗ ಎಳೆದೆ. ಬಾಟಲಿ ಹೋಯಿತು, ನೌಕೆ ನೆಲದಲ್ಲೇ ಉಳಿಯಿತು. ಎರಡು ಪಾಡ್, ಮೂರು ರೆಕ್ಕೆ ಸ್ಟ್ಯಾಂಡಿನ ಬುಡದಲ್ಲಿ ಬಿದ್ದಿದ್ದವು. ಅಂಟಿನ ದೋಷವೆಂದುಕೊಂಡು ಬಿಳಿ ಗೋಂದು ಬಿಟ್ಟು ಎಪಾಕ್ಸಿ ಹಾಕಿದೆ. ಎರಡನೆಯ ಸಲ ಅಂಟು ಬಿಡಲಿಲ್ಲ, ಸನ್‌ಬೋರ್ಡೇ ಹರಿಯಿತು. ಈ ಎರಡು ಬೆಳಗಿನಲ್ಲಿ ಏನಿಲ್ಲವೆಂದರೂ 900 ರೂಪಾಯಿ ಹಾಳಾಯಿತು.

ಆಮೇಲೆ ಅಂಗಡಿಯ ಬಿಲ್ ಪುಸ್ತಕದ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಈ ಕಿಟ್ ಕೇಳುವ ಮೋಟಾರಿನ ಸರಾಸರಿ ತಳ್ಳು ಬಲ 6 ನ್ಯೂಟನ್, ಎಂದರೆ 600 ಗ್ರಾಂ ತೂಕದಷ್ಟು, ಅದೂ ಹೆಚ್ಚುಕಡಿಮೆ ಎರಡು ಸೆಕೆಂಡು ಹರಡಿಕೊಂಡು ಬರುವಂಥದ್ದು. ಪೂರ್ತಿ ಬಾಯಿ ತೆರೆದ ಬಾಟಲಿ 60 ಪಿಎಸ್‌ಐನಲ್ಲಿ ಕೊಡುವುದು 300 ನ್ಯೂಟನ್ನಿನ ಆಸುಪಾಸು, ಎಂದರೆ 30 ಕೆ.ಜಿ. ಮೊಬೈಲಿನಲ್ಲಿ ಸೆಕೆಂಡಿಗೆ 240 ಫ್ರೇಮಿನಂತೆ ತೆಗೆದ ವಿಡಿಯೊ ಎಣಿಸಿದರೆ 17–18 ಫ್ರೇಮಿನಲ್ಲಿ ನೀರೆಲ್ಲ ಖಾಲಿ. ಆ ಗಳಿಗೆಯಲ್ಲಿ 40 ಗ್ರಾಂನ ಪಾಡ್ ಒಂದು ಕೆ.ಜಿ.ಗೂ ಮೀರಿದ ಭಾರದಿಂದ ಹಿಂದಕ್ಕೆ ಜಗ್ಗುತ್ತದೆ. ಹರಿಯದೆ ಏನು ಮಾಡೀತು? ಒತ್ತಡವನ್ನು 30ಕ್ಕೆ ಇಳಿಸಿ ನೋಡಿದೆ; ಬಲ ಅರ್ಧವಾಯಿತು, ಎತ್ತರವೂ ಬಿತ್ತು, ಒಂದು ರೆಕ್ಕೆ ಆಗಲೂ ಸೀಳಿತು.

ತಗ್ಗಿಸಬೇಕಾದದ್ದು ಒತ್ತಡವನ್ನಲ್ಲ, ಬಾಯಿಯನ್ನು; ಬಾಯಿ ಕಿರಿದಾದರೆ ಅದೇ ನೀರು ಹೆಚ್ಚು ಹೊತ್ತು ಹರಿದು ಬಲ ಹರಡಿಕೊಳ್ಳುತ್ತದೆ ಎಂದು ನಾನು ಹೇಳಿದಾಗ ಯಾರೂ ಒಪ್ಪಲಿಲ್ಲ. ಬಾಟಲಿ ರಾಕೆಟ್ಟಿನಲ್ಲಿ ಕೈ ಪಳಗಿದ ಒಬ್ಬ ಮೇಷ್ಟ್ರು, ನಿಧಾನವಾಗಿ ಏಳುವ ರಾಕೆಟ್ ನೆಟ್ಟಗೆ ಹೋಗುವುದಿಲ್ಲವೆಂದು ಖಡಾಖಂಡಿತವಾಗಿ ಹೇಳಿದರು. ನನ್ನ ಅಂಗಡಿಯ ಹುಡುಗನಂತೂ, "ಅಣ್ಣಾ, ಇದು ಮೇಲಕ್ಕೆ ಹೋಗಲ್ಲ, ಉಚ್ಚೆ ಹೊಯ್ಕೊಂಡು ನಿಂತ್ಕಂತದೆ" ಎಂದುಬಿಟ್ಟ. ಕಾರು ತೊಳೆಯುವ ಪೈಪಿಗೆ ಹಾಕುವ ಕ್ವಿಕ್ ಕನೆಕ್ಟರ್ ತಂದು, ಬಾಟಲಿಯ ಮುಚ್ಚಳಕ್ಕೆ ತೂತು ಕೊರೆದು ಅದರ ಗಂಡು ತುಂಡನ್ನು ಕೂರಿಸಿದೆ. ಅದರ ಒಳಬಾಯಿ 9 ಮಿ.ಮೀ. ಹೆಣ್ಣು ತುಂಡು ಸ್ಟ್ಯಾಂಡಿನಲ್ಲಿ, ಅದರ ಕಾಲರನ್ನು ಎಳೆಯಲು 10 ಮೀಟರ್ ದಾರ, ಗಾಳಿಗೆ ಪಂಕ್ಚರ್ ಅಂಗಡಿಯ ಟ್ಯೂಬ್‌ಲೆಸ್ ವಾಲ್ವ್. ಲೆಕ್ಕದಂತೆ ಬಲ 50 ನ್ಯೂಟನ್ನಿಗೆ ಇಳಿಯಿತು. ನೀರು ತುಂಬಿದ ನೌಕೆಯ ತೂಕ ಒಂದು ಕೆ.ಜಿ.ಗೆ ತುಸು ಕಡಿಮೆ. ಅದನ್ನು ಎತ್ತಲು 5 ಕೆ.ಜಿ. ಬಲ ಧಾರಾಳವಾಗಿ ಸಾಕು.

ಮೇಷ್ಟ್ರ ಮಾತು ಪೂರ್ತಿ ಸುಳ್ಳೂ ಆಗಿರಲಿಲ್ಲ. ರೆಕ್ಕೆಗಳೆಲ್ಲ ನೆಟ್ಟಗಿದ್ದವು, ಆದರೆ ನೌಕೆ ಸ್ಟ್ಯಾಂಡ್ ಬಿಟ್ಟ ಕೂಡಲೇ ಎಡಕ್ಕೆ ವಾಲಿ ಪಕ್ಕದ ಅವರೆ ಹೊಲಕ್ಕೆ ನುಗ್ಗಿತು. ಅದಕ್ಕೆ ಪರದೆ ನೇತುಹಾಕುವ ಅರ್ಧ ಇಂಚಿನ ಸ್ಟೀಲ್ ಪೈಪನ್ನು 6 ಅಡಿ ಎತ್ತರಕ್ಕೆ ನೆಟ್ಟು, ಬಾಟಲಿಗೆ ಎರಡು ಪಿವಿಸಿ ಬಳೆ ಅಂಟಿಸಿ, ಆ ಪೈಪಿನ ಗುಂಟ ಜಾರುವಂತೆ ಮಾಡಿದೆ. ಪೈಪು ಬಿಡುವ ಹೊತ್ತಿಗೆ ರೆಕ್ಕೆಗಳು ಗಾಳಿಯನ್ನು ಹಿಡಿಯುವಷ್ಟು ವೇಗ ಬಂದಿರುತ್ತದೆ.

ಆದರೂ ಮುಂದಿನ ಹಾರಾಟದಲ್ಲಿ ನೌಕೆ ಮೂವತ್ತಡಿ ಏರಿ ಲಾಗ ಹೊಡೆಯಿತು. ಇದು ಮುಂದಿನ ಪುಟ್ಟ ರೆಕ್ಕೆಗಳ ಕಿತಾಪತಿ; ಅವು ಒತ್ತಡ ಕೇಂದ್ರವನ್ನು, ಎಂದರೆ ಗಾಳಿಯ ತಳ್ಳು ಒಟ್ಟಾಗಿ ಬೀಳುವ ಬಿಂದುವನ್ನು, ಮುಂದಕ್ಕೆ ಎಳೆಯುತ್ತವೆ; ಅದು ತೂಕದ ಕೇಂದ್ರಕ್ಕಿಂತ ಹಿಂದಿದ್ದರೆ ಮಾತ್ರ ನೌಕೆ ನೆಟ್ಟಗೆ ಹಾರುತ್ತದೆ. ಅವನ್ನು ಕಿತ್ತುಹಾಕಿ ಎಂದು ಎಲ್ಲರೂ ಹೇಳಿದರು. ಕಿತ್ತರೆ ಉಳಿಯುವುದು ಬಣ್ಣ ಬಳಿದ ಬಾಟಲಿ, ಅಂತರಿಕ್ಷ ನೌಕೆಯಲ್ಲ. ನೌಕೆಯ ಪಕ್ಕನೋಟವನ್ನು ರಟ್ಟಿನಲ್ಲಿ ಕತ್ತರಿಸಿ ಚಾಕುವಿನ ಅಲಗಿನ ಮೇಲೆ ತೂಗಿ ಆ ಒತ್ತಡ ಕೇಂದ್ರವನ್ನು ಗುರುತಿಸಿದೆ. ಮೂತಿಯೊಳಗೆ ಹಳೆಯ ವೈಂಡಿಂಗಿನ ತಾಮ್ರದ ತಂತಿಯನ್ನು ಸುಮಾರು 60 ಗ್ರಾಂ ತುರುಕಿ ಎಪಾಕ್ಸಿ ಸುರಿದೆ. ಆಗಿನ ತಾಮ್ರದ ಬೆಲೆಯಲ್ಲಿ ಅದು 40–50 ರೂಪಾಯಿ ಆದೀತು. ಹಿಂದಿನ ರೆಕ್ಕೆಗಳ ನಡುವೆ, ಸ್ಪೈರಲ್ ಬೈಂಡಿಂಗಿಗೆ ಹಾಕುವ ಪಾರದರ್ಶಕ ಹಾಳೆಯನ್ನು ಎರಡು ಪದರ ಅಂಟಿಸಿ ನಾಲ್ಕು ಗುಪ್ತ ರೆಕ್ಕೆ ಕೂರಿಸಿದೆ. ಹತ್ತಡಿ ದೂರದಿಂದ ಅವು ಕಾಣುವುದೇ ಇಲ್ಲ. ಬಳಿಕ ನೌಕೆ ತೂಗಿ ನಿಲ್ಲುವ ಜಾಗಕ್ಕೆ ದಾರ ಕಟ್ಟಿ ತಾರಸಿಯ ಮೇಲೆ ಕವಣೆಯಂತೆ ಬೀಸಿದೆ. ಮೂತಿ ಮುಂದಾಗಿಯೇ ಸುತ್ತಿತು. ಎದುರು ಮನೆಯ ಅಜ್ಜಿ ಬಾಗಿಲು ಹಾಕಿಕೊಂಡರು.

ನೀರಿನ ರಾಕೆಟ್ಟಿಗೆ ಕಾಗದದ ಕೊಳವೆ ತಾಳುವುದಿಲ್ಲ ಎಂಬ ಆಕ್ಷೇಪವೂ ಇತ್ತು. ಇದರಲ್ಲಿ ನನ್ನ ಕಸುಬು ಕೈಹಿಡಿಯಿತು. ವೈಂಡಿಂಗಿಗೆ ಹಾಕುವ ವಾರ್ನಿಷ್ಷನ್ನು ತೆಳುವಾಗಿಸಿ ಕೊಳವೆ ಮತ್ತು ಬಾಲ್ಸಾಗೆ ಎರಡು ಕೈ ಕುಡಿಸಿ, ಸ್ಟೇಟರ್ (ಮೋಟಾರಿನ ತಿರುಗದ ಸುರುಳಿ ಭಾಗ) ಒಣಗಿಸುವ ಬಲ್ಬಿನ ಪೆಟ್ಟಿಗೆಯಲ್ಲಿ ಒಂದು ರಾತ್ರಿ ಇಟ್ಟೆ. ಇಪ್ಪತ್ತು ಗ್ರಾಂ ಹೆಚ್ಚಾಯಿತು, ಆದರೆ ಇಂದಿಗೂ ಕೊಳವೆ ಉಬ್ಬಿಲ್ಲ. ಈ ನಡುವೆ ಸೋಪಿನ ನೊರೆ ಹಾಕಿ ನೋಡಿದೆ. ಎತ್ತರ ಹೆಚ್ಚಲಿಲ್ಲ, ಪಾಡ್‌ಗಳು ಅಂಟಂಟಾದವು. ನೀರಿನ ಧಾರೆ ವಿಡಿಯೊದಲ್ಲಿ ಚೆನ್ನಾಗಿ ಕಾಣಲೆಂದು ಹೋಳಿ ಬಣ್ಣ ಕಲಸಿದ್ದರಿಂದ ಬಿಳಿ ರೆಕ್ಕೆಗಳಿಗೆ ಹತ್ತಿದ ಗುಲಾಬಿ ಕಲೆ ಹೋಗಲಿಲ್ಲ. ಆದರೆ ಆ ಬಣ್ಣದ ಪುಣ್ಯದಿಂದ ಧಾರೆ ಸುಮಾರು 100 ಫ್ರೇಮ್ ಉಳಿಯುತ್ತದೆಂದು ಎಣಿಸಲು ಸಾಧ್ಯವಾಯಿತು. ನೀರು ಅರ್ಧ ಬಾಟಲಿಯಾದರೆ ಭಾರ, ಕಾಲು ಭಾಗವಾದರೆ ಸಾಲದು. ನನಗೆ ಒಗ್ಗಿದ್ದು 650 ಮಿ.ಲೀ.

ಪ್ಯಾರಾಚೂಟಿಗೆ ಹಳೆಯ ಛತ್ರಿಯ ಬಟ್ಟೆ ಸಾಕಾಯಿತು. ಅದನ್ನು ಸಮಯಕ್ಕೆ ಸರಿಯಾಗಿ ಬಿಡಿಸುವುದೇ ಕಷ್ಟ, ಏಕೆಂದರೆ ಮದ್ದಿನ ಮೋಟಾರಿನಲ್ಲಿ ಆ ಕೆಲಸ ತಾನಾಗಿಯೇ ಆಗುತ್ತದೆ, ನೀರಿನಲ್ಲಿ ಆಗುವುದಿಲ್ಲ. ನಾಯಕನಹಟ್ಟಿ ಜಾತ್ರೆಯಲ್ಲಿ ಕೊಂಡ, ಕೀಲಿ ಕೊಟ್ಟರೆ ನಡೆಯುವ 60 ರೂಪಾಯಿಯ ಆಟಿಕೆಯ ಗೇರುಗಳನ್ನು ಕಿತ್ತು ಇದಕ್ಕೆ ಹಚ್ಚಿದ್ದೇನೆ. ಮೂರು ಸೆಕೆಂಡಿನ ಆಸುಪಾಸಿನಲ್ಲಿ, ಪ್ಯಾರಾಚೂಟನ್ನು ಹಿಡಿದಿಟ್ಟ ರಬ್ಬರ್ ಬ್ಯಾಂಡ್ ಕಳಚಿಕೊಳ್ಳುತ್ತದೆ. ನೌಕೆ ಹೊರಟ ಕ್ಷಣಕ್ಕೇ ಅದು ಸುತ್ತಲು ಆರಂಭಿಸುವಂತೆ ಹೇಗೆ ಮಾಡಿದೆ ಎಂಬುದು ಸದ್ಯ ನನ್ನಲ್ಲೇ ಇರಲಿ. ನಾಲ್ಕು ಸಲ ಪ್ಯಾರಾಚೂಟ್ ಬಿಚ್ಚದೆ ಮೂತಿ ಜಜ್ಜಿದ ಮೇಲೆ ಹೊಳೆದ ಉಪಾಯವದು.

ನಮ್ಮ ಊರಿನ ಗಾಳಿಯ ವಿಷಯ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡಿದವರಿಗೆ ಗೊತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ನೌಕೆಯನ್ನು ಮುಟ್ಟಲೇ ಇಲ್ಲ. ಚಳ್ಳಕೆರೆಯ ಕಡೆಗೂ ಹೋಗಲಿಲ್ಲ. ಅಲ್ಲಿ ವಿಮಾನ ಪರೀಕ್ಷಾ ವಲಯವಿದೆ, 2023ರ ಏಪ್ರಿಲ್ 2ರಂದು ಇಸ್ರೋ ತನ್ನ ಮರುಬಳಕೆಯ, ರೆಕ್ಕೆಯುಳ್ಳ ಉಡಾವಣಾ ವಾಹನದ ಮಾದರಿಯನ್ನು ಹೆಲಿಕಾಪ್ಟರಿನಿಂದ ಬಿಟ್ಟು ಇಳಿಸಿದ್ದು ಅಲ್ಲೇ. ಹಾಗಾಗಿ ಡಿಸೆಂಬರಿನ ಒಂದು ಬೆಳಿಗ್ಗೆ ಆರೂವರೆಗೆ, ಭರಮಸಾಗರದ ಕಡೆ ಸ್ನೇಹಿತನೊಬ್ಬನ ಮೆಕ್ಕೆಜೋಳ ಕೊಯ್ದ ಹೊಲದಲ್ಲಿ ಸ್ಟ್ಯಾಂಡ್ ಹೂಡಿದೆವು. ಪಂಪನ್ನು ಇಪ್ಪತ್ತು ಚಿಲ್ಲರೆ ಸಲ ಒತ್ತಿದಾಗ ಮುಳ್ಳು 60ಕ್ಕೆ ಬಂತು. ದಾರ ಎಳೆದೆ. ಬಾಟಲಿ ರಾಕೆಟ್ ಕಣ್ಣಿಗೆ ಬೀಳುವ ಮೊದಲೇ ಮಾಯವಾಗುವುದನ್ನು ಕಂಡವರಿಗೆ ಇದು ಬೇರೆಯೇ ನೋಟ: ನೌಕೆ ಒಂದು ಕ್ಷಣ ಬಿಳಿ ಧಾರೆಯ ಮೇಲೆ ಕೂತಂತಿದ್ದು, ಪೈಪನ್ನು ಬಿಟ್ಟು, ಸಿನಿಮಾದಲ್ಲಿ ಏಳುವಂತೆಯೇ ಎದ್ದಿತು. 30 ಮೀಟರ್ ದೂರದಲ್ಲಿ ಕೋನಮಾಪಕ ಹಿಡಿದಿದ್ದ ಮೇಷ್ಟ್ರು 40 ಡಿಗ್ರಿ ಎಂದರು. ಅವರ ಕಣ್ಣಿನ ಎತ್ತರವನ್ನೂ ಸೇರಿಸಿದರೆ ಸುಮಾರು 27 ಮೀಟರ್, 90 ಅಡಿಗೆ ಹತ್ತಿರ. ಪ್ಯಾರಾಚೂಟ್ ತುಸು ತಡವಾಗಿ ಬಿಚ್ಚಿತು, ಆದರೂ ಬಿಚ್ಚಿತು. ಹೊಲದ ಸ್ನೇಹಿತ, "ಬರೇ ನೀರಿಗೆ ಇಷ್ಟು ಶಕ್ತಿ ಐತಾ?" ಎಂದು ಎರಡು ಸಲ ಕೇಳಿದ. ಮೇಷ್ಟ್ರು ಮಾತನಾಡದೆ ಮತ್ತೊಮ್ಮೆ ನೀರು ತುಂಬಿಸಿದರು.

ಖರ್ಚಿನ ಬಾಬ್ತು ಹೇಳುವುದಾದರೆ, ಮುಳ್ಳಿರುವ ಪಂಪಿಗೆ 700, ಕನೆಕ್ಟರ್ ಜೋಡಿಗೆ 180, ಸ್ಟೀಲ್ ಪೈಪು ಮತ್ತು ಸ್ಟ್ಯಾಂಡಿಗೆ 500ರ ಸುಮಾರು, ಎಪಾಕ್ಸಿಗೇ 600 ದಾಟಿತು; ಹಾಳಾದದ್ದನ್ನೂ ಸೇರಿಸಿದರೆ ಒಟ್ಟು 3,200ರಿಂದ 3,500ರ ಒಳಗೆ. ಇದನ್ನು ಮಾಡಹೊರಟವರು ಪ್ರತಿ ಹೊಸ ಬಾಟಲಿಯನ್ನು ಮೊದಲು ಬಾಯಿಮಟ್ಟ ನೀರು ತುಂಬಿ 90 ಪಿಎಸ್‌ಐಗೆ ಒತ್ತಿ ನೋಡಬೇಕು. ನೀರಷ್ಟೇ ಇದ್ದರೆ ಒಡೆದರೂ ಸಿಡಿಯುವುದಿಲ್ಲ. ನಾನು ಹತ್ತು ಹಾರಾಟಕ್ಕೊಮ್ಮೆ ಬಾಟಲಿ ಬದಲಿಸುತ್ತೇನೆ. ಏಳನೆಯ ಹಾರಾಟದಲ್ಲಿ ಇಳಿಯುವಾಗ ಮೆಕ್ಕೆಜೋಳದ ಕೂಳೆಯೊಂದು ಎಡ ಪಾಡಿಗೆ ಚುಚ್ಚಿ ತೂತಾಗಿದೆ. ಅದಕ್ಕೆ ತೇಪೆ ಹಾಕುವ ತನಕ ನೌಕೆ ಅಂಗಡಿಯಲ್ಲಿ, ರಿಪೇರಿಗೆ ಬಂದ ಪಂಪ್‌ಸೆಟ್ಟುಗಳ ಮೇಲೆ ನೇತಾಡುತ್ತಿದೆ.