ನೀಲಿ ಹೊಡೆಯೋ ಕಲ್ಲು, ಆಲ್ಟೋ ಗಾಜು, ಅರಸೀಕೆರೆ ಬಿಸಿಲು

ಫ್ಲೋರೋ ಇರೋ ವಜ್ರ, ಅಂದ್ರೆ ಬಿಸಿಲಿನ ಯುವಿ ಕಿರಣ ಬಿದ್ರೆ ನೀಲಿ ಹೊಡೆಯೋ ಕಲ್ಲು ಮುಟ್ಟಬೇಡ ಕಣೋ, ಕೈಲೇ ಉಳ್ಕೊಳ್ಳುತ್ತೆ ಅಂತ ನಮ್ಮ ದೊಡ್ಡಪ್ಪ ಹೇಳಿ ಹೇಳಿ ಸುಸ್ತಾಗಿದ್ರು. ಹಾಸನದಲ್ಲಿ ಅವರದ್ದು 40 ವರ್ಷದ ಒಡವೆ ಅಂಗಡಿ, ಅದರ ಪಕ್ಕದಲ್ಲೇ ನನ್ನದೊಂದು ಸಣ್ಣ ಕೆಲಸದ ಬೆಂಚು. ಅಕ್ಕನ ಮಗನ ನಿಶ್ಚಿತಾರ್ಥದ ಉಂಗುರ ಆದ್ಮೇಲೆ ಅವರೇ ಗಿರಾಕಿಗಳನ್ನ ನನ್ನ ಹತ್ರ ಕಳಿಸ್ತಿದ್ದಾರೆ, ಅದಕ್ಕೇ ಧೈರ್ಯ ಮಾಡಿ ಬರೀತಿದೀನಿ. ಫೋರ್ ಸಿ (ತೂಕ, ಬಣ್ಣ, ಶುದ್ಧತೆ, ಕಟ್), ಲೂಪ್ ಅನ್ನೋ ಸಣ್ಣ ಭೂತಗನ್ನಡಿ ಹಿಡಿಯೋದು, ಗರ್ಡಲ್ ಅಂದ್ರೆ ಕಲ್ಲಿನ ಸೊಂಟದ ಮೇಲೆ ಲೇಸರ್ ನಂಬರ್ ಹುಡುಕೋದು ಇದೆಲ್ಲಾ ನಿಮಗೆ ಗೊತ್ತಿರೋದೇ, ಮತ್ತೆ ಹೇಳಲ್ಲ.

ಮೊದಲು ಮಾನ ಹೋಗಿದ್ದು ಹೇಳ್ತೀನಿ. ಸುಮಾರು ನಾಲ್ಕೈದು ವರ್ಷದ ಹಿಂದೆ 50 ಸೆಂಟ್ (ಅರ್ಧ ಕ್ಯಾರಟ್) ಕಲ್ಲು, ಎಫ್ ಕಲರ್ (ಡಿ ಅಂದ್ರೆ ಪೂರ್ತಿ ಬಿಳಿ, ಅಕ್ಷರ ಮುಂದೆ ಹೋದಂಗೆ ಹಳದಿ ಜಾಸ್ತಿ), ಸ್ಟ್ರಾಂಗ್ ಬ್ಲೂ ಅಂದ್ರೆ ಜೋರು ಫ್ಲೋರೋ, ಬೇರೆ ಕಲ್ಲಿಗಿಂತ ಐದನೇ ಒಂದು ಭಾಗ ಕಮ್ಮಿ ರೇಟಿಗೆ ಸಿಕ್ತು ಅಂತ ಆಸೆ ಬಿದ್ದು ತಗೊಂಡೆ. ಅಂಗಡಿ ಎಲ್‌ಇಡಿ ಕೆಳಗೆ ಕಣ್ಣು ಕುಕ್ಕೋ ಹಂಗಿತ್ತು. ಗಿರಾಕಿ ಹೆಂಡ್ತಿ ಅದನ್ನ ಹಾಕ್ಕೊಂಡು ಬೇಲೂರು ದೇವಸ್ಥಾನದ ಅಂಗಳದಲ್ಲಿ ಮಧ್ಯಾಹ್ನದ ಬಿಸಿಲಿಗೆ ಕೈ ಚಾಚಿದ್ದಾರೆ, ಕಲ್ಲೊಳಗೆ ಹಾಲು ಬಿದ್ದಂಗೆ ಕಂಡಿದೆ. ಮಾರನೇ ದಿನವೇ ವಾಪಸ್. ಮಿಲ್ಕಿ ಕಲ್ಲು ಅಂತ ಯಾರೂ ಮುಟ್ಟಲಿಲ್ಲ, ಕೊನೆಗೆ ಹದಿನೆಂಟೋ ಇಪ್ಪತ್ತೋ ಸಾವಿರ ಕಳ್ಕೊಂಡು ಕೊಟ್ಟೆ. ಅದಾದ ವರ್ಷ ಕೆ ಕಲರ್ ಕಲ್ಲನ್ನ ವೈಟ್ ಗೋಲ್ಡಲ್ಲಿ ಕೂರಿಸಿ ಇನ್ನೊಂದು ಸಲ ಪೆಟ್ಟು ತಿಂದೆ. ಹುಡುಗಿ ಅತ್ತೆ ನೋಡಿದ ತಕ್ಷಣ "ಅರಿಶಿನ ಹಚ್ಚಿದೀರಾ" ಅಂದ್ರಂತೆ, ಎಲ್ಲಾ ಬಿಚ್ಚಿ ಹಳದಿ ಚಿನ್ನದಲ್ಲಿ ಬೇರೆ ಮಾಡ್ಕೊಟ್ಟೆ, ಕೂಲಿ ನನ್ನ ತಲೆ ಮೇಲೆ.

ಇಷ್ಟಾದ್ರೂ ನೀಲಿ ಕಲ್ಲಿನ ಹುಚ್ಚು ಬಿಡಲಿಲ್ಲ. ಯಾಕಂದ್ರೆ ಸಕಲೇಶಪುರ ಕಡೆ ಎಸ್ಟೇಟ್ ಮನೆ ಅಜ್ಜಿಯರ ಓಲೆ ತೊಳೆಯೋಕೆ ನನ್ನ ಹತ್ರ ಬರ್ತಿತ್ತು, ಏಳು ಕಲ್ಲಿನವು, ಅವರ ಬಾಯಲ್ಲಿ ಒಂದೇ ಮಾತು, "ಇದು ಬ್ಲೂ ಜಾಗರ್ ಕಣಪ್ಪಾ". ಆ ಹೆಸರು ಬಂದಿದ್ದು ದಕ್ಷಿಣ ಆಫ್ರಿಕಾದ ಜಾಗರ್ಸ್‌ಫಾಂಟೈನ್ ಗಣಿಯಿಂದ, ಬೆಳ್ಳಗಿರೋ ಕಲ್ಲು ಬಿಸಿಲಿಗೆ ಹಿಡಿದ್ರೆ ನೀಲಿ ಛಾಯೆ ಹೊಡೆಯುತ್ತೆ. ಯುವಿ ಟಾರ್ಚ್ ಹಾಕಿ ನೋಡಿದ್ರೆ ಏಳಕ್ಕೆ ಐದು ಕಲ್ಲು ಉಜಾಲ ಹಾಕಿದ ಬಟ್ಟೆ ಥರ ಹೊಳೀತಿದ್ವು. ಅಂದ್ರೆ ಅಜ್ಜಿಯರು ಹೆಚ್ಚಿಗೆ ದುಡ್ಡು ಕೊಟ್ಟು ತಗೊಂಡಿದ್ದನ್ನೇ ಈಗ ನಾವು ಕುಂದು ಅಂತ ಡಿಸ್ಕೌಂಟಲ್ಲಿ ಮಾರ್ತಿದೀವಿ! ವಜ್ರ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡೋ ಅಮೆರಿಕದ ಜಿಐಎದವರು 1997ರಲ್ಲೇ ಜನರಿಗೆ ಕಲ್ಲು ತೋರಿಸಿ ಕೇಳಿದ್ದಾರೆ, ಬಹಳಷ್ಟು ಜನಕ್ಕೆ ವ್ಯತ್ಯಾಸವೇ ಗೊತ್ತಾಗಿಲ್ಲ. ಮಿಲ್ಕಿ ಆಗೋದು ಅಪರೂಪಕ್ಕೆ ಒಂದು, ನನ್ನ ಹಣೆಬರಹಕ್ಕೆ ಮೊದಲನೇದೇ ಅದು ಸಿಕ್ಕಿತ್ತು.

ಟಾರ್ಚ್ ಅಂದ್ರೆ 365 ನ್ಯಾನೋಮೀಟರ್ ಯುವಿದು, ಎಂಟುನೂರು ಚಿಲ್ಲರೆ ಕೊಟ್ಟಿದ್ದೆ. ನೇರಳೆ ಬೆಳಕು ಜಾಸ್ತಿ ಬರೋ ಇನ್ನೂರು ರೂಪಾಯಿದು ಪ್ರಯೋಜನ ಇಲ್ಲ, ಎಲ್ಲಾ ಕಲ್ಲೂ ನೀಲಿಯಾಗೇ ಕಾಣುತ್ತೆ. ಇದೇ ಟಾರ್ಚ್ ಹಿಡ್ಕೊಂಡು ಒಂದು ರಾತ್ರಿ ಹಿತ್ತಲಲ್ಲಿ ಸೌದೆ ರಾಶಿ ಮೇಲೆ ಬಿಟ್ಟೆ, ಚೇಳೊಂದು ಹಸಿರಿಗೆ ರೇಡಿಯಂ ಥರ ಹೊಳೀತಾ ಕೂತಿತ್ತು, ಅವತ್ತಿಂದ ಮನೆಯವಳು ಸೌದೆ ತರೋಕೆ ನನ್ನನ್ನೇ ಕಳಿಸ್ತಾಳೆ.

ಸರಿ, ವಿಷಯಕ್ಕೆ ಬರ್ತೀನಿ. ಗಾಜಿನ ಉಪಾಯ ಹೊಳೆದಿದ್ದು ಆಕಸ್ಮಿಕ. ಹಳೇ ಆಲ್ಟೋದಲ್ಲಿ ಕೂತು ಯಾರದ್ದೋ ಉಂಗುರ ನೋಡ್ತಿದ್ದೆ, ಮುಂದಿನ ಗಾಜಿನ ಒಳಗಿಂದ ಬಿಸಿಲು ಬಿದ್ದಾಗ ಕಲ್ಲು ಹಳದಿ, ಬಾಗಿಲು ತೆಗೆದು ಕೈ ಆಚೆ ಹಾಕಿದ್ರೆ ಬೆಳ್ಳಗೆ. ಮುಂದಿನ ಗಾಜು ಎರಡು ಪದರ ಅಂಟಿಸಿದ್ದು, ಕಲ್ಲನ್ನ ನೀಲಿ ಮಾಡೋ ಕಿರಣನ ಹೆಚ್ಚುಕಮ್ಮಿ ಪೂರ್ತಿ ತಡೆಯುತ್ತೆ. ಸೈಡ್ ಗಾಜಲ್ಲಿ ಆಗಲ್ಲ, ಟ್ರೈ ಮಾಡಿ ಟೈಮ್ ವೇಸ್ಟ್ ಮಾಡ್ಕೋಬೇಡಿ. ಹಂಗಾಗಿ ಕಾರೊಳಗೆ ಕಂಡಿದ್ದು ಕಲ್ಲಿನ ನಿಜವಾದ ಬಣ್ಣ, ಆಚೆ ಕಂಡಿದ್ದು ನೀಲಿ ಸೇರಿದ ಬಣ್ಣ. ಒಳಗೆ ತುಸು ಹಳದಿ ಆಚೆ ಬೆಳ್ಳಗೆ ಆದ್ರೆ ಚಿನ್ನದಂಥ ಕಲ್ಲು, ಒಳಗೆ ಕ್ಲಿಯರ್ ಇದ್ದು ಆಚೆ ಮಂಜು ಕವಿದಂಗೆ ಆದ್ರೆ ಕೈ ಮುಗಿದು ವಾಪಸ್ ಕೊಡೋದು. ರಾತ್ರಿ ಎಲ್‌ಇಡಿ ಲೈಟಲ್ಲಿ ಕಾಣೋದು ಕಾರೊಳಗೆ ಕಂಡಿದ್ದೇ, ಹಂಗಾಗಿ ಅಲ್ಲೂ ಕಣ್ಣಿಗೆ ಒಪ್ಪಬೇಕು. "ಇವನು ಕಾರಲ್ಲಿ ಕೂತು ವಜ್ರ ನೋಡ್ತಾನಂತೆ" ಅಂತ ಬೀದಿಯವರೆಲ್ಲಾ ನಗೋರು.

2024ರಲ್ಲಿ ಅಕ್ಕನ ಮಗ ಬಂದು "ಮಾಮ, ಒಂದು ಕ್ಯಾರಟ್ ಬೇಕು, ಒಂದೂಮುಕ್ಕಾಲು ಲಕ್ಷ ಇದೆ" ಅಂದ. ಶೋರೂಮಲ್ಲಿ ಜೆ ಕಲರ್, ವಿಎಸ್2 ಶುದ್ಧತೆ ಕಲ್ಲಿಗೆ ಉಂಗುರ ಸೇರಿ ಮೂರು ಲಕ್ಷದ ಮೇಲೆ ಹೇಳಿದ್ರಂತೆ. ಲ್ಯಾಬಲ್ಲಿ ಬೆಳೆಸಿದ ಕಲ್ಲು ಹಾಕ್ಸಿ ಮಾಮ, ದೊಡ್ಡದು ಬರುತ್ತೆ ಅಂತ ಅವನ ಫ್ರೆಂಡ್ಸ್ ಹೇಳ್ಕೊಟ್ಟಿದ್ರು. ನಾನು ಬೇಡ ಅನ್ನಲಿಲ್ಲ, ಅದೂ ವಜ್ರನೇ, ನಮ್ಮ ಸಾದಾ ಟೆಸ್ಟರ್ ಅದಕ್ಕೂ ಕುಯ್ಯ್ ಅನ್ನುತ್ತೆ, ಆದ್ರೆ ರೇಟ್ ವರ್ಷ ವರ್ಷ ಬೀಳ್ತಿರೋದನ್ನ ನೋಡು ಅಂದೆ ಅಷ್ಟೇ. ಬೇಡ ಅಂತ ಅವನೇ ಅಂದ.

ಬೆಂಗಳೂರು ರಾಜಾ ಮಾರ್ಕೆಟ್ಟಿಗೆ ಮೂರು ಸಲ ಹೋದೆ. ಯಾರ ಹತ್ರ ಅಂತ ಕೇಳಬೇಡಿ, ನೀಲಿ ಕಲ್ಲು ಬೇರೆ ಇಟ್ಟಿರೋ ಒಬ್ಬರು ಸಿಕ್ಕಿದ್ದಾರೆ, ಅದೊಂದು ನನಗೇ ಇರಲಿ. ನಾನು ಹುಡುಕಿದ್ದು 90ಕ್ಕೆ ಒಂದೆರಡು ಸೆಂಟ್ ಕಮ್ಮಿ ಇರೋದು. 90 ಮುಟ್ಟಿದ್ರೆ ರೇಟ್ ಮೆಟ್ಟಿಲು ಹತ್ತುತ್ತೆ, 100ಕ್ಕೆ ಇನ್ನೊಂದು ಮೆಟ್ಟಿಲು, ಅದಕ್ಕೇ ಸೂರತ್ತಲ್ಲಿ ಉಜ್ಜೋರು ಹೊಟ್ಟೆ ದಪ್ಪ ಬಿಟ್ಟಾದ್ರೂ 90 ಮಾಡ್ತಾರೆ, 88 ಸಿಗೋದು ಕಷ್ಟ. ಸಿಕ್ಕಿದ್ದು 88 ಸೆಂಟ್, ಜೆ, ವಿಎಸ್2, ಸ್ಟ್ರಾಂಗ್ ಬ್ಲೂ, ಅಗಲ 6.2 ಎಂಎಂ ಹತ್ರ. ಅಲ್ಲೇ ಒಂದು ಕ್ಯಾರಟ್ ಕಲ್ಲೊಂದಿತ್ತು, ಆಳ ಅಗಲದ 64 ಪರ್ಸೆಂಟ್ ಮೇಲೆ, ಅಳೆದ್ರೆ ಅದೂ 6.2 ಚಿಲ್ಲರೆನೇ! ಮೇಲಿಂದ ನೋಡೋರಿಗೆ ಎರಡೂ ಒಂದೇ, ದುಡ್ಡಲ್ಲಿ ಮಾತ್ರ ಹತ್ರ ಹತ್ರ ಲಕ್ಷ ವ್ಯತ್ಯಾಸ.

ಜಾಂಗಡ್ ಚೀಟಿ (ಒಪ್ಪಿದ್ರೆ ದುಡ್ಡು, ಇಲ್ಲಾಂದ್ರೆ ವಾಪಸ್) ಮೇಲೆ ಮೂರು ದಿನಕ್ಕೆ ಕೊಟ್ರು. ಬಂದು ನೋಡ್ತೀನಿ, ಹಾಸನದಲ್ಲಿ ಬಿಸಿಲೇ ಇಲ್ಲ. ಆ ಜುಲೈ ನೆನಪಿದೆಯಲ್ಲ, ಶಿರಾಡಿಲಿ ಗುಡ್ಡ ಕುಸೀತಿತ್ತು, ಆಷಾಢದ ಜಡಿಮಳೆ. ಮೋಡದ ಬೆಳಕಲ್ಲಿ ಕಲ್ಲು ಬೆಳ್ಳಗೇ ಇತ್ತು, ಆದ್ರೆ ಮಿಲ್ಕಿ ಬಯಲಾಗೋದು ನೆತ್ತಿ ಬಿಸಿಲಿಗೆ, ಬೇಲೂರಲ್ಲಿ ಪಾಠ ಆಗಿತ್ತಲ್ಲ. ಎರಡು ದಿನ ಕಾದೆ. ಮೂರನೇ ದಿನ ಬೆಳಿಗ್ಗೆ ಕಲ್ಲನ್ನ ಜೇಬಲ್ಲಿಟ್ಕೊಂಡು ಆಲ್ಟೋ ತಗೊಂಡು ಅರಸೀಕೆರೆ ಕಡೆ ಹೊರಟೆ, ದೊಡ್ಡಪ್ಪ "ಬಿಸಿಲು ಹುಡ್ಕೊಂಡು ಹೋಗೋ ಆಚಾರಿನ ನಾನು ನೋಡಿಲ್ಲ" ಅಂದ್ರು. ನಲವತ್ತು ಕಿಲೋಮೀಟ್ರಲ್ಲಿ ಹವಾನೇ ಬೇರೆ, ಹನ್ನೊಂದೂವರೆಗೆ ತೆಂಗಿನ ತೋಟದ ಪಕ್ಕ ಹತ್ತು ನಿಮಿಷ ಸುಡು ಬಿಸಿಲು ಬಂತು. ಕಾರೊಳಗೆ ಒಂದು ಚೂರು ಹಳದಿ. ಆಚೆ ತಂದೆ, ಬೆಳ್ಳಗೆ, ಅಂಚಲ್ಲಿ ನೀಲಿ, ಮಂಜಿನ ಸುಳಿವಿಲ್ಲ. ಅಲ್ಲೇ ನಿಂತು ಫೋನ್ ಮಾಡಿ 1 ಲಕ್ಷ 45 ಹೇಳಿದ್ದನ್ನ 1 ಲಕ್ಷ 37ಕ್ಕೆ ಮುಗಿಸಿದೆ, ಜಿಎಸ್‌ಟಿ ಬೇರೆ.

18 ಕ್ಯಾರಟ್ ಹಳದಿ ಚಿನ್ನ, ನಾಲ್ಕೂವರೆ ಗ್ರಾಂ. ಇಲ್ಲೊಂದು ಎಡವಟ್ಟು, ಚಿನ್ನ ಮೊದಲೇ ತಗೊಂಡಿಟ್ಟಿದ್ದೆ, ಜುಲೈ 23ರ ಬಜೆಟ್ಟಲ್ಲಿ ಆಮದು ಸುಂಕ 15 ಪರ್ಸೆಂಟಿಂದ 6ಕ್ಕೆ ಇಳಿಸಿಬಿಟ್ರು, ಗ್ರಾಂಗೆ ಮುನ್ನೂರು ಚಿಲ್ಲರೆ ಹೋಯ್ತು. ಕಲ್ಲು ಹಿಡಿಯೋ ಪ್ರಾಂಗ್ ಆರು ಹಾಕಿದೆ, ಕಲ್ಲಿನ ಕೆಳಗೆ ಚಿನ್ನಕ್ಕೆ ಒಂದು ಕೈಚಳಕ ಮಾಡಿದೀನಿ, ಅದಿಲ್ದಿದ್ರೆ ರಾತ್ರಿ ಲೈಟಲ್ಲಿ ಜೆ ಇಷ್ಟು ಬೆಳ್ಳಗೆ ಕಾಣಲ್ಲ. ಹೇಳಲ್ಲ, ಹೊಟ್ಟೆಪಾಡು. ಹಾಲ್‌ಮಾರ್ಕ್ ಎಲ್ಲಾ ಸೇರಿ 1 ಲಕ್ಷ 68 ಸಾವಿರದ ಒಳಗೆ ಬಂತು, ನನ್ನ ಕೂಲಿ ಬಿಟ್ಟು.

ತೊಳೆಯೋದು ಒಂದು ಹೇಳ್ಬಿಡ್ತೀನಿ. ಒಂದು ವಾರ ಆ ಉಂಗುರನ ಮನೆಯವಳ ಬೆರಳಿಗೆ ಹಾಕಿ ಅಡುಗೆ ಮಾಡ್ಸಿ ನೋಡಿದೆ, ಎಣ್ಣೆ ಜಿಡ್ಡು ಕಲ್ಲಿನ ಹಿಂದೆ ಕೂತು ಹೊಳಪು ಅರ್ಧ ಹೋಯ್ತು, ಬಣ್ಣಕ್ಕಿಂತ ಜಿಡ್ಡೇ ದೊಡ್ಡ ಶತ್ರು. ಅಂಟುವಾಳದ ನೊರೆ, ಮೆತ್ತನೆ ಬ್ರಷ್, ಎರಡು ನಿಮಿಷ, ಮತ್ತೆ ಹೊಸದು. ಹೊಸ ಉಂಗುರ ಹಾಕ್ಕೊಂಡು ಒಗ್ಗರಣೆ ಹಾಕಿಸಿದ್ದು ಅಕ್ಕನಿಗೆ ಇನ್ನೂ ಗೊತ್ತಿಲ್ಲ.

ಶ್ರಾವಣದಲ್ಲಿ ನಿಶ್ಚಿತಾರ್ಥ ಆಯ್ತು, ಹುಡುಗಿ ಮನೆ ಚಿಕ್ಕಮಗಳೂರು ಕಡೆ. ಅವರ ಅಜ್ಜಿ ಮೊಮ್ಮಗಳ ಕೈ ಹಿಡ್ಕೊಂಡು ಸೀದಾ ಅಂಗಳಕ್ಕೆ ಕರ್ಕೊಂಡು ಹೋದ್ರು, ನನಗೆ ಎದೆ ಡವಡವ. ಆ ಕಡೆ ಈ ಕಡೆ ತಿರುಗಿಸಿ ನೋಡಿ, "ನಮ್ಮ ಕಾಲದ ಜಾಗರ್ ಇದ್ದಂಗಿದೆ, ಎಲ್ಲಿ ಸಿಕ್ತಪ್ಪಾ ಇದು" ಅಂದ್ರು. ದೊಡ್ಡಪ್ಪ ಪಕ್ಕದಲ್ಲೇ ನಿಂತಿದ್ರು, ಏನೂ ಮಾತಾಡಲಿಲ್ಲ. ಮುಂದಿನ ವಾರ ಅಂಗಡಿ ಮುಂದೆ ಆಲ್ಟೋ ಬಾಗಿಲು ತೆಗೆದಿತ್ತು, ಒಳಗೆ ಅವರು ಚಿಮಟ ಹಿಡ್ಕೊಂಡು ಕೂತಿದ್ರು.

ಕೂಲಿ ದುಡ್ಡು ಭಾವ ಇನ್ನೂ ಕೊಟ್ಟಿಲ್ಲ.